ಕಲಬೆರಕೆಯಲ್ಲ, ಕೇರಿಯ ಕಣಜ

ಕುಮಟೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಅಂಗಳದ ಊರಕೋಳಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಇದು ತಳಿಯೇ ಅಲ್ಲ, ಕಲಬೆರಕೆ. ಎಲ್ಲವನ್ನೂ ಮಾರಿ ಗಿರಿರಾಜ ಮರಿಗಳನ್ನು ತಂದರೆ ತಪ್ಪೇನು?’

ಮೊಟ್ಟೆಯ ಲೆಕ್ಕವೊಂದನ್ನೇ ಹಿಡಿದರೆ ತಪ್ಪೇನೂ ಇಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಬೇಗ ಮೈ ತುಂಬಿಕೊಳ್ಳುತ್ತದೆ, ಊರಕೋಳಿಗಿಂತ ಹೆಚ್ಚು ಮೊಟ್ಟೆಯನ್ನೂ ಇಡುತ್ತದೆ. ಆದರೆ ಅದು ಕಾವಿಗೆ ಕೂರುವ ಕೋಳಿಯಲ್ಲ. ಮರಿ ಬೇಕಾದಾಗಲೆಲ್ಲ ತಾವು ಹ್ಯಾಚರಿಯ ಬಾಗಿಲಿಗೇ ಹೋಗಬೇಕು.

ತಾವು ಬೇಸರದಿಂದ ಆಡಿದ ‘ಕಲಬೆರಕೆ’ ಎಂಬ ಮಾತು ನನ್ನನ್ನು ನೋಯಿಸಿತು. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಸಾಕುಕೋಳಿಯ ಹಳದಿ ಚರ್ಮದ ಗುಣ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಮ್ಮ ಶಿರಸಿ, ಯಲ್ಲಾಪುರದ ಕಾಡಿನಲ್ಲಿ ನಸುಕಿಗೆ ಕೂಗುವುದು ಈ ಬೂದು ಕಾಡುಕೋಳಿಯೇ. ಶುದ್ಧ ತಳಿಯೆನಿಸಿಕೊಂಡ ವೈಟ್ ಲೆಗಾರ್ನಿನ ಹಳದಿ ಕಾಲಿನಲ್ಲೂ ಬೆರಕೆಯಿದೆ ಎಂದ ಮೇಲೆ ತಮ್ಮ ಹೇಂಟೆಗಳನ್ನು ಹಳಿಯುವುದೇಕೆ? ಅದೇ ವರ್ಷ ಇನ್ನೊಂದು ಅಧ್ಯಯನವು, ಹಳೆಯ ತಳಿಗಳಲ್ಲಿದ್ದ ಜೀನುಗಳ ರೂಪಭೇದಗಳಲ್ಲಿ ಅರ್ಧದಷ್ಟಾದರೂ ವಾಣಿಜ್ಯ ಕೋಳಿಗಳಲ್ಲಿ ಕಾಣೆಯಾಗಿವೆಯೆಂದು ಹೇಳಿತು. ಎಲ್ಲವೂ ಒಂದೇ ರಕ್ತದವಾದರೆ ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಲ್ಲದು.

ಅಂಕೋಲೆಯ ನನ್ನ ಅಜ್ಜಿ ಈ ಅಧ್ಯಯನಗಳಿಗೆ ಬಹಳ ಮೊದಲೇ ತೀರಿಕೊಂಡಳು. ಹೇಂಟೆ ಕಾವಿಗೆ ಕೂತಾಗ ಅವಳು ತನ್ನ ಮನೆಯ ಮೊಟ್ಟೆಗಳನ್ನಷ್ಟೇ ಇಡುತ್ತಿರಲಿಲ್ಲ. ಮೂರು ಮನೆಗಳಿಂದ ಮೊಟ್ಟೆ ಬದಲಾಯಿಸಿಕೊಂಡು ತಂದು ಇಡುತ್ತಿದ್ದಳು. ಒಂದೇ ಹುಂಜದ ಸಂತತಿ ಒಳಗೊಳಗೇ ಬೆಳೆದರೆ ಮರಿಗಳು ಸೊರಗುತ್ತವೆ ಎಂಬುದು ಅವಳ ಕಾರಣ. ಇಪ್ಪತ್ತೊಂದನೆಯ ದಿನ ಬುಟ್ಟಿಯಿಂದ ಹೊರಬೀಳುತ್ತಿದ್ದ ಕರಿ, ಕೆಂಪು, ಚುಕ್ಕೆಯ ಮರಿಗಳ ನಡುವೆ ಬೋಳುಕುತ್ತಿಗೆಯದೂ ಒಂದಿರುತ್ತಿತ್ತು. ನಾವು ಮಕ್ಕಳು ಅದನ್ನು ಕುರೂಪಿಯೆಂದು ಅಟ್ಟುತ್ತಿದ್ದೆವು. ಒಂದೇ ಒಂದು ಜೀನು ಪುಕ್ಕವನ್ನು ಕಡಿಮೆ ಮಾಡಿ ಮೈಯ ಶಾಖವನ್ನು ಹೊರಬಿಡುತ್ತದೆಂದೂ, ಕರಾವಳಿಯ ಸೆಕೆಯನ್ನು ಆ ಕೋಳಿ ಚೆನ್ನಾಗಿ ತಾಳುತ್ತದೆಂದೂ ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಪಟ್ಟಿಯಲ್ಲಿ ಹೆಸರಿಲ್ಲದ್ದನ್ನೆಲ್ಲ ಕೀಳೆನ್ನುವುದು ನಮಗೆ ಅಂಟಿದ ರೋಗ. ಮಲೆನಾಡು ಗಿಡ್ಡವನ್ನೂ ತಳಿಯೆಂದು ಮಾನ್ಯ ಮಾಡುವವರೆಗೆ ಹಾಲಿಲ್ಲದ ಗಿಡ್ಡ ದನವೆಂದೇ ತಾತ್ಸಾರ ಮಾಡಿದೆವು. ತಮ್ಮದೇ ತಾಲ್ಲೂಕಿನ ಮಾಣಿಕಟ್ಟೆಯ ಗಜನಿಯೆಂಬ ತಗ್ಗು ಗದ್ದೆಗಳಲ್ಲಿ ಉಪ್ಪುನೀರಿಗೆ ಎದೆಗೊಟ್ಟು ನಿಲ್ಲುವ ಕಗ್ಗ ಭತ್ತವನ್ನು, ಇಳುವರಿ ಕಡಿಮೆಯೆಂದು ಎಷ್ಟು ಜನ ಕೈಬಿಡಲಿಲ್ಲ!

ಗಿರಿರಾಜ ತರುವುದಾದರೆ ತನ್ನಿ, ಆದರೆ ಬೇರೆ ಗೂಡಿನಲ್ಲಿಡಿ. ಊರಕೋಳಿಗಳಲ್ಲಿ ಕಾವಿಗೆ ಕೂರುವ ಹೇಂಟೆಗಳನ್ನು ಉಳಿಸಿಕೊಳ್ಳಿ, ಹುಂಜವನ್ನು ಆಗಾಗ ದೂರದ ಮನೆಯೊಂದರ ಹುಂಜಕ್ಕೆ ಬದಲಾಯಿಸಿಕೊಳ್ಳಿ. ತಮ್ಮ ಅಂಗಳದಲ್ಲಿ ಬೋಳುಕುತ್ತಿಗೆಯ ಕೋಳಿಯಿದ್ದರೆ ದಯವಿಟ್ಟು ಅದನ್ನು ಮಾರಬೇಡಿ.