ಟವರ್ ಇದೆ, ನೆಟ್ ಇಲ್ಲ: ಆ್ಯಪ್ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಮೊಬೈಲ್ ಜಾಲದ ಏರಿಳಿತವನ್ನು ತಾಳಿಕೊಳ್ಳುವಂತೆ ಆ್ಯಪ್ ಬರೆಯುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಅಡಿಕೆ ಧಾರಣೆ ತೋರಿಸುವ ಆ್ಯಪ್ ಬರೆದಿದ್ದೇನೆ. ಫೋನಿನಲ್ಲಿ 4ಜಿ ಕಡ್ಡಿಗಳು ಪೂರ್ತಿ ಇರುತ್ತವೆ, ಸ್ಪೀಡ್ ಟೆಸ್ಟ್ 2 ಎಂಬಿಪಿಎಸ್ ತೋರಿಸುತ್ತದೆ, ಪುಟದ ಗಾತ್ರ ಬರೀ 100 ಕೆಬಿ. ಆದರೂ ತೆರೆದುಕೊಳ್ಳಲು ಐದಾರು ಸೆಕೆಂಡು ಬೇಕು. ತಪ್ಪು ಎಲ್ಲಿದೆ? (ತೀರ್ಥಹಳ್ಳಿಯ ಓದುಗರು)

ವೇಗದಲ್ಲಿ ತಪ್ಪಿಲ್ಲ, ಓಡಾಟದಲ್ಲಿದೆ. 2 ಎಂಬಿಪಿಎಸ್‌ನಲ್ಲಿ 100 ಕೆಬಿ ಇಳಿಯಲು ಬೇಕಾದದ್ದು 0.4 ಸೆಕೆಂಡು ಮಾತ್ರ. ಉಳಿದ ಹೊತ್ತೆಲ್ಲ ಫೋನು ಮತ್ತು ಸರ್ವರ್ ಒಂದನ್ನೊಂದು ಕಾಯುವುದರಲ್ಲೇ ಕಳೆಯುತ್ತದೆ. ಒಂದು ಸಲ ಹೋಗಿ ಬರಲು 400 ಮಿಲಿಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. ತುಂಬಿ ತುಳುಕುವ ಟವರಿನಡಿ ಇದು ಹೆಚ್ಚಲ್ಲ. ಸರ್ವರಿನ ವಿಳಾಸ ಹುಡುಕುವ ಡಿಎನ್‌ಎಸ್‌ಗೆ ಒಂದು ಓಡಾಟ, ಕಳಿಸಿದ್ದನ್ನು ತಪ್ಪದೆ ಮುಟ್ಟಿಸುವ ಟಿಸಿಪಿ ಸಂಪರ್ಕಕ್ಕೆ ಒಂದು, ಮಾತನ್ನು ಗೂಢಲಿಪಿಗೆ ತಿರುಗಿಸುವ ಟಿಎಲ್‌ಎಸ್ 1.2 ಇದ್ದರೆ ಎರಡು. ಆಮೇಲೆ ಪುಟ ಹೊರಡುತ್ತದೆ, ಅದೂ ಒಂದೇ ಸಲಕ್ಕಲ್ಲ. ಹೊಸ ಟಿಸಿಪಿ ಸಂಪರ್ಕ ಮೊದಲ ಕಂತಿನಲ್ಲಿ 10 ತುಣುಕು, ಅಂದರೆ ಸುಮಾರು 14.6 ಕೆಬಿ ಕಳಿಸಿ ಸ್ವೀಕೃತಿಗೆ ಕಾಯುತ್ತದೆ. ಮುಂದಿನ ಕಂತು ಅದರ ಎರಡರಷ್ಟು, ಅದರ ಮುಂದಿನದು ನಾಲ್ಕರಷ್ಟು. 100 ಕೆಬಿಗೆ ಹೀಗೆ ಮೂರು ಕಂತು. ಒಟ್ಟು ಏಳು ಓಡಾಟ, 2.8 ಸೆಕೆಂಡು. ಪುಟ ಬಂದಮೇಲೆ ಅದು ಚಿತ್ರಕ್ಕೋ ಫಾಂಟಿಗೋ ಇನ್ನೊಂದು ಡೊಮೇನಿನ ಬಾಗಿಲು ತಟ್ಟಿದರೆ ಮತ್ತೆ ಐದು ಓಡಾಟ, 2 ಸೆಕೆಂಡು. ನಿಮ್ಮ ಐದು ಸೆಕೆಂಡಿನ ಲೆಕ್ಕ ಹೆಚ್ಚುಕಡಿಮೆ ಇಲ್ಲೇ ಸಿಕ್ಕಿತು. ಪ್ಲಾನ್ ಬದಲಿಸಿ ವೇಗ ನಾಲ್ಕು ಪಟ್ಟು ಮಾಡಿಕೊಂಡರೂ ಇದರಲ್ಲಿ ಉಳಿತಾಯವಾಗುವುದು ಅತಿ ಕಡಿಮೆ.

ಮೊದಲು ಎಲ್ಲವನ್ನೂ ಒಂದೇ ಡೊಮೇನಿಗೆ ತನ್ನಿ. ಸರ್ವರಿನಲ್ಲಿ ಟಿಎಲ್‌ಎಸ್ 1.3 ಹಾಕಿ, 2018ರಲ್ಲಿ ಬಂದ ಈ ಆವೃತ್ತಿ ಒಂದು ಓಡಾಟ ಉಳಿಸುತ್ತದೆ. ವೆಬ್ ಪುಟ ತರುವ ನಿಯಮಗಳ ಹೊಸ ಆವೃತ್ತಿ ಎಚ್‌ಟಿಟಿಪಿ/3 ಹಾಕಿದರೆ ಅದರ ಕೆಳಗೆ ಟಿಸಿಪಿಯ ಜಾಗದಲ್ಲಿರುವ ಕ್ವಿಕ್, ಸಂಪರ್ಕ ಮತ್ತು ಗೂಢಲಿಪಿಯ ಮಾತುಕತೆ ಎರಡನ್ನೂ ಒಂದೇ ಓಡಾಟದಲ್ಲಿ ಮುಗಿಸುತ್ತದೆ. ಧಾರಣೆಯ ಪಟ್ಟಿ ಬರೀ ಪಠ್ಯ. ಜಿಜಿಪ್ ಅಥವಾ ಬ್ರಾಟ್ಲಿಯಿಂದ ಕುಗ್ಗಿಸಿ 14 ಕೆಬಿಯೊಳಗೆ ತಂದರೆ ಒಂದೇ ಕಂತಿನಲ್ಲಿ ಬಂದುಬಿಡುತ್ತದೆ. ಆಗ ಡಿಎನ್‌ಎಸ್ ಸೇರಿ ಮೂರೇ ಓಡಾಟ, 1.2 ಸೆಕೆಂಡು. ಹಿಂದೆ ಮಾತಾಡಿದ ಸರ್ವರಿಗೆ ಶೂನ್ಯ ಓಡಾಟದಲ್ಲೇ ಕೋರಿಕೆ ಕಳಿಸುವ ಸೌಲಭ್ಯವೂ ಟಿಎಲ್‌ಎಸ್ 1.3ರಲ್ಲಿದೆ. ಆದರೆ ಹಾಗೆ ಹೋದದ್ದನ್ನು ನಡುವೆ ಹಿಡಿದವರು ಮತ್ತೊಮ್ಮೆ ಕಳಿಸಬಲ್ಲರು. ಧಾರಣೆ ಓದಲು ಅದನ್ನು ಬಳಸಿ, ಹಣ ಕಟ್ಟಲು ಬಳಸಬೇಡಿ.

ಇದೆಲ್ಲಕ್ಕಿಂತ ಮೊದಲು, ಆ್ಯಪ್ ತೆರೆದ ಕ್ಷಣವೇ ಫೋನಿನಲ್ಲಿ ಉಳಿಸಿಟ್ಟ ಹಿಂದಿನ ಧಾರಣೆಯನ್ನು 'ನಿನ್ನೆ ಸಂಜೆ 5ರ ದರ' ಎಂದು ಹೊತ್ತು ನಮೂದಿಸಿ ತೋರಿಸಿ, ಹೊಸದು ಬಂದಾಗ ಬದಲಿಸಿ. ಕಡ್ಡಿಗಳನ್ನು ನಂಬಿ ಕೂರಬೇಡಿ: ಅವು ಟವರಿನ ದನಿ ಎಷ್ಟು ಗಟ್ಟಿ ಕೇಳುತ್ತಿದೆ ಎಂದಷ್ಟೇ ಹೇಳುತ್ತವೆ. ಟವರಿನಡಿ ಎಷ್ಟು ಜನ ಇದ್ದಾರೆ, ಟವರಿನ ಹಿಂದಿನ ಕೊಂಡಿ ಎಷ್ಟು ಸಣ್ಣದು ಎಂಬುದು ಅವುಗಳಿಗೆ ತಿಳಿಯದು.

ಹಾಲಿನ ಸಂಘದಲ್ಲಿ ಲೀಟರು, ಫ್ಯಾಟು ದಾಖಲಿಸುವ ಆ್ಯಪ್. 'ಸೇವ್' ಒತ್ತಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಬೇಸತ್ತು ಮತ್ತೆ ಒತ್ತಿದರೆ ಒಬ್ಬರ ಹಾಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗರಿಷ್ಠ ಹೊತ್ತು) ಎಷ್ಟು ಇಡಬೇಕು? (ಮದ್ದೂರಿನ ಓದುಗರು)

ಟೈಮ್‌ಔಟ್ ಎಷ್ಟೇ ಇಟ್ಟರೂ ಈ ರೋಗ ವಾಸಿಯಾಗದು. ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದರ್ಥವಲ್ಲ. ಕೋರಿಕೆ ಸರ್ವರನ್ನು ಮುಟ್ಟದೇ ಹೋಗಿರಬಹುದು. ಇಲ್ಲವೇ ಮುಟ್ಟಿ, ದಾಖಲಾಗಿ, ಉತ್ತರ ಮರಳುವ ದಾರಿಯಲ್ಲಿ ಸಿಗ್ನಲ್ ಸತ್ತಿರಬಹುದು. ಫೋನಿನ ಕಣ್ಣಿಗೆ ಎರಡೂ ಒಂದೇ. ಆದ್ದರಿಂದ ಹತ್ತು ಸಲ ಕಳಿಸಿದರೂ ಒಂದೇ ಸಲ ದಾಖಲಾಗುವಂತೆ ಕೋರಿಕೆಯನ್ನೇ ರೂಪಿಸಬೇಕು.

'ಸೇವ್' ಒತ್ತಿದ ಕ್ಷಣದಲ್ಲಿ ಫೋನೇ ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದ ಗುರುತುಸಂಖ್ಯೆ) ಹುಟ್ಟಿಸಲಿ. ಆ ಗುರುತನ್ನೂ ದಾಖಲೆಯನ್ನೂ ಒಟ್ಟಿಗೆ ಫೋನಿನೊಳಗಿನ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್‌ನಲ್ಲಿ 'ಕಳಿಸಬೇಕಾದವು' ಎಂಬ ಕೋಷ್ಟಕಕ್ಕೆ ಬರೆಯಲಿ. ಅಷ್ಟಾದ ಕೂಡಲೇ 'ಉಳಿಸಿದೆ, ಕಳಿಸಬೇಕಿದೆ' ಎಂದು ತೋರಿಸಿ, ಸಾಲಿನಲ್ಲಿ ಕ್ಯಾನು ಹಿಡಿದು ನಿಂತ ಮುಂದಿನವರಿಗೆ ಪರದೆ ಬಿಟ್ಟುಕೊಡಲಿ. ಕಳಿಸುವ ಕೆಲಸ ಹಿನ್ನೆಲೆಯಲ್ಲಿ ನಡೆಯಲಿ. ಸರ್ವರಿನಲ್ಲಿ ಆ ಗುರುತಿನ ಕಾಲಮ್ಮಿಗೆ, ಒಂದೇ ಗುರುತು ಎರಡು ಸಲ ಸೇರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಇರಲಿ. ಅದೇ ಗುರುತು ಮತ್ತೆ ಬಂದರೆ ದೋಷ ತೋರಿಸದೆ, ಮೊದಲ ಸಲ ಕೊಟ್ಟ ಉತ್ತರವನ್ನೇ ಮತ್ತೆ ಕೊಡಲಿ.

ಇಲ್ಲಿ ಕೈತಪ್ಪುವ ಜಾಗಗಳು ಹಲವು. ಗುರುತನ್ನು ಕಳಿಸುವ ಫಂಕ್ಷನ್ನಿನೊಳಗೆ ಹುಟ್ಟಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು: ಪ್ರತಿ ಪ್ರಯತ್ನಕ್ಕೂ ಹೊಸ ಗುರುತು ಬಂದು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಇನ್ನೊಂದು, ಸರ್ವರ್ ಗುರುತನ್ನು ಒಂದು ಟ್ರಾನ್ಸಾಕ್ಷನ್ನಿನಲ್ಲೂ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಬರವಣಿಗೆಯ ಕಂತು) ಹಾಲಿನ ದಾಖಲೆಯನ್ನು ಇನ್ನೊಂದರಲ್ಲೂ ಬರೆಯುವುದು. ನಡುವೆ ಸರ್ವರ್ ಬಿದ್ದರೆ ಗುರುತು ಇದೆ, ಹಾಲು ಇಲ್ಲ. ಎರಡೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಇರಲೇಬೇಕು. ಗುರುತುಗಳನ್ನು 24 ಗಂಟೆಗೆ ಅಳಿಸುವ ಸಿದ್ಧ ಲೈಬ್ರರಿಗಳನ್ನು ಹಾಗೇ ಬಳಸಬೇಡಿ, ವಾರವಿಡೀ ನೆಟ್ ಕಾಣದ ಫೋನು ಎಂಟನೇ ದಿನ ಕಳಿಸಬಹುದು. ಫೋನಿನ ಗಡಿಯಾರ ತಪ್ಪಿರುವುದೂ ಉಂಟು. ಫೋನ್ ಹೇಳಿದ ಹೊತ್ತು, ಸರ್ವರಿಗೆ ತಲುಪಿದ ಹೊತ್ತು ಎರಡನ್ನೂ ಇಟ್ಟುಕೊಳ್ಳಿ. ಬೆಳಗಿನ ಹಾಲು ಸಂಜೆಯ ಪಾಳಿಗೆ ಹೋದರೆ ನಷ್ಟ ರೈತರಿಗೆ.

ಟೈಮ್‌ಔಟ್ ಕೇಳಿದ್ದೀರಿ: ಸಂಪರ್ಕಕ್ಕೆ 10 ಸೆಕೆಂಡು, ಉತ್ತರಕ್ಕೆ 30. ಸೋತರೆ 2, 4, 8, 16 ಸೆಕೆಂಡು ಎಂದು ಅಂತರ ಹಿಗ್ಗಿಸುತ್ತ ಹೋಗಿ, ಅದು 5 ನಿಮಿಷ ಮುಟ್ಟಿದಮೇಲೆ ಹಿಗ್ಗಿಸುವುದನ್ನು ನಿಲ್ಲಿಸಿ. ಕಾಯುವ ಹೊತ್ತನ್ನು ಪ್ರತಿ ಸಲ ಸೊನ್ನೆಯಿಂದ ಆ ಸಲದ ಅಂತರದೊಳಗೆ ಯಾದೃಚ್ಛಿಕವಾಗಿ ಆರಿಸಿ. ಹಾಗಿಲ್ಲದಿದ್ದರೆ ಕರೆಂಟ್ ಬಂದು ಟವರ್ ಎದ್ದೊಡನೆ ಸುತ್ತಲಿನ ಫೋನುಗಳೆಲ್ಲ ಒಂದೇ ಗಳಿಗೆಯಲ್ಲಿ ಮುಗಿಬಿದ್ದು, ಮತ್ತೆ ಒಟ್ಟಿಗೆ ಸೋತು, ಮತ್ತೆ ಒಟ್ಟಿಗೇ ಬರುತ್ತವೆ. ಸರ್ವರ್ ತನ್ನ ಉತ್ತರದೊಂದಿಗೆ ಕಳಿಸುವ ಸ್ಥಿತಿ ಸಂಖ್ಯೆಗಳಲ್ಲಿ 408, 429 ಮತ್ತು 500ರ ಸಾಲಿನವುಗಳಿಗೆ ಮರುಪ್ರಯತ್ನ ಸರಿ. 400 ಅಥವಾ 422 ಬಂದರೆ ದಾಖಲೆಯಲ್ಲೇ ದೋಷ. ಅದನ್ನು ಪಕ್ಕಕ್ಕಿಟ್ಟು ಮನುಷ್ಯರಿಗೆ ತೋರಿಸಿ, ಇಲ್ಲವಾದರೆ ಒಂದು ಕೆಟ್ಟ ದಾಖಲೆ ಹಿಂದಿನ ಸಾಲನ್ನೆಲ್ಲ ತಡೆದು ನಿಲ್ಲುತ್ತದೆ. ಹಿನ್ನೆಲೆಯ ಕೆಲಸ ನಡೆಸುವ ಆಂಡ್ರಾಯ್ಡಿನ ವರ್ಕ್‌ಮ್ಯಾನೇಜರ್ ಬಳಸುವುದಾದರೆ ಅದರ ಮರುಪ್ರಯತ್ನದ ಅಂತರ 10 ಸೆಕೆಂಡಿಗಿಂತ ಕೆಳಗೆ ಇಳಿಯದು. ತಾನಾಗಿ 30ರಿಂದ ಶುರುವಾಗಿ 5 ಗಂಟೆಯವರೆಗೂ ಬೆಳೆಯುತ್ತದೆ. ಆದ್ದರಿಂದ ಆ್ಯಪ್ ತೆರೆದಿರುವಾಗ ನಿಮ್ಮದೇ ಮರುಪ್ರಯತ್ನ ನಡೆಯಲಿ.

ಬಸ್ಸು ಎಲ್ಲಿದೆ ಎಂದು ತೋರಿಸುವ ನಮ್ಮ ಆ್ಯಪ್ ಶಿರಾಡಿ ಘಾಟಿಯಲ್ಲಿ ಸಿಗ್ನಲ್ ತಪ್ಪಿದಾಗ ನಿಲ್ಲುವುದು ಸರಿ. ಸಿಗ್ನಲ್ ಬಂದಮೇಲೂ ಅರ್ಧ ನಿಮಿಷ, ಕೆಲವೊಮ್ಮೆ ಕಾಲು ಗಂಟೆ ಸುಮ್ಮನಿರುತ್ತದಲ್ಲ, ಏಕೆ? (ಸಕಲೇಶಪುರದ ಓದುಗರು)

ಅರ್ಧ ನಿಮಿಷಕ್ಕೂ ಕಾಲು ಗಂಟೆಗೂ ಕಾರಣ ಬೇರೆ ಬೇರೆ. ಉತ್ತರ ಸಿಗದ ಪ್ಯಾಕೆಟ್ಟನ್ನು ಟಿಸಿಪಿ ಪ್ರತಿ ಸಲ ಇಮ್ಮಡಿ ಹೊತ್ತು ಕಾದು ಮತ್ತೆ ಕಳಿಸುತ್ತದೆ. ಮೊದಲ ಕಾಯುವಿಕೆ 1 ಸೆಕೆಂಡು ಎಂದರೆ ಪ್ರಯತ್ನಗಳು ನಡೆಯುವುದು 1, 3, 7, 15, 31, 63ನೇ ಸೆಕೆಂಡಿನಲ್ಲಿ. ಸಿಗ್ನಲ್ 35ನೇ ಸೆಕೆಂಡಿಗೆ ಮರಳಿದರೂ ಮುಂದಿನ ಪ್ರಯತ್ನ 63ಕ್ಕೆ. ನಡುವಿನ 28 ಸೆಕೆಂಡು ದಾರಿ ತೆರೆದೇ ಇರುತ್ತದೆ, ಯಾರೂ ನಡೆಯುವುದಿಲ್ಲ. ಕಾಲು ಗಂಟೆಯದ್ದು ಹೀಗೆ: ಈ ನಡುವೆ ಫೋನಿನ ವಿಳಾಸವೇ ಬದಲಾಗಿದ್ದರೆ, ಅಥವಾ ಮೊಬೈಲ್ ಕಂಪನಿಯ ನ್ಯಾಟ್ (ಹಲವು ಫೋನುಗಳಿಗೆ ಒಂದೇ ಹೊರವಿಳಾಸ ಹಂಚುವ ವ್ಯವಸ್ಥೆ) ನಿಮ್ಮ ಸಂಪರ್ಕವನ್ನು ಮರೆತಿದ್ದರೆ, ಹಳೆಯ ಸಂಪರ್ಕ ಸತ್ತೇ ಹೋಗಿರುತ್ತದೆ. ಲಿನಕ್ಸ್ ತನ್ನ ಮೂಲ ಸೆಟ್ಟಿಂಗಿನಲ್ಲಿ 15 ಸಲ ಪ್ರಯತ್ನಿಸಿಯೇ ಕೈಬಿಡುವುದು. ಒಟ್ಟು ಸುಮಾರು 924 ಸೆಕೆಂಡು.

ನೆಟ್‌ವರ್ಕ್ ಮರಳಿತೆಂದು ಫೋನಿನ ವ್ಯವಸ್ಥೆ ತಿಳಿಸಿದ ಕೂಡಲೇ ಹಳೆಯ ಸಂಪರ್ಕ ಮುಚ್ಚಿ ಹೊಸದು ತೆರೆಯಿರಿ. ಸರ್ವರಿನಲ್ಲಿ ಟಿಸಿಪಿ ಯೂಸರ್ ಟೈಮ್‌ಔಟ್ (ಸ್ವೀಕೃತಿ ಬಾರದಿದ್ದರೆ ಸಂಪರ್ಕ ಕೈಬಿಡುವ ಹೊತ್ತು) 30 ಸೆಕೆಂಡಿಗೆ ಇಡಿ. ಕ್ವಿಕ್ ಸಂಪರ್ಕವನ್ನು ಗುರುತಿಸುವುದು ವಿಳಾಸದಿಂದಲ್ಲ, ತನ್ನದೇ ಸಂಪರ್ಕ ಸಂಖ್ಯೆಯಿಂದ. ಹಾಗಾಗಿ ವಿಳಾಸ ಬದಲಾದರೂ ಮಾತು ಮುಂದುವರಿಸಬಲ್ಲದು. ಆದರೆ ಅದು ಹರಿಯುವುದು ಸ್ವೀಕೃತಿಗೆ ಕಾಯದ ಸರಳ ಸಾಗಣೆ ವಿಧಾನವಾದ ಯುಡಿಪಿ ಮೇಲೆ, ಯುಡಿಪಿ ತಡೆಯುವ ಜಾಲಗಳಿವೆ, ಟಿಸಿಪಿಗೆ ಮರಳುವ ದಾರಿ ಇರಲೇಬೇಕು.

ಸಂಪರ್ಕ ಜೀವಂತವಾಗಿಡಲು 30 ಸೆಕೆಂಡಿಗೊಮ್ಮೆ ಪಿಂಗ್ ಹಾಕುವ ಆಸೆ ಬರುತ್ತದೆ. ಪ್ರಯಾಣಿಕರ ಆ್ಯಪ್ ಹಿನ್ನೆಲೆಯಲ್ಲಿರುವಾಗ ಹಾಗೆ ಮಾಡಬೇಡಿ. ಒಂದು ಪ್ಯಾಕೆಟ್ ಹೋದಮೇಲೆ 4ಜಿ ರೇಡಿಯೊ ಸಾಮಾನ್ಯವಾಗಿ ಹತ್ತು ಸೆಕೆಂಡಿನಷ್ಟು ಎಚ್ಚರವಾಗಿಯೇ ಇರುತ್ತದೆ. 30ಕ್ಕೊಂದು ಪಿಂಗ್ ಎಂದರೆ ದಿನದ ಮೂರನೇ ಒಂದು ಪಾಲು ರೇಡಿಯೊ ಉರಿಯುತ್ತಿರುತ್ತದೆ, ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡುತ್ತದೆ. ಆ ಹೊತ್ತಿನ ಸುದ್ದಿ ಆಂಡ್ರಾಯ್ಡ್, ಐಫೋನುಗಳ ಪುಶ್ ಸೇವೆಯ ಮೂಲಕವೇ ಹೋಗಲಿ.

5ಜಿ ಎಂದು ತೋರಿಸಿದರೆ ದೊಡ್ಡ ವಿಡಿಯೊ, 4ಜಿಗೆ ಚಿಕ್ಕದು ಕೊಟ್ಟರೆ ಆದೀತೆ? (ಉಡುಪಿಯ ಓದುಗರು)

ಆಗದು. ಜಾತ್ರೆಯ ಗುಂಪಿನಲ್ಲಿರುವ 5ಜಿಗಿಂತ ನಡುರಾತ್ರಿಯ 4ಜಿ ಎಷ್ಟೋ ವೇಗ. ಹಿಂದಿನ ಕೆಲವು ತುಣುಕುಗಳು ಎಷ್ಟು ಬೇಗ ಇಳಿದವು, ಬಫರಿನಲ್ಲಿ (ಮೊದಲೇ ಇಳಿಸಿಟ್ಟ ಭಾಗದಲ್ಲಿ) ಇನ್ನೆಷ್ಟು ಸೆಕೆಂಡು ಉಳಿದಿದೆ, ಇವೆರಡನ್ನೇ ನೋಡಿ ಮುಂದಿನ ತುಣುಕಿನ ಗುಣಮಟ್ಟ ಆರಿಸಿ. ಏರುವಾಗ ನಿಧಾನವಾಗಿ ಏರಿ, ಇಳಿಯುವಾಗ ತಕ್ಷಣ ಇಳಿಯಿರಿ.

ಬೆಳೆ ಸಮೀಕ್ಷೆಯ ಫೋಟೊ 4 ಎಂಬಿ ಇರುತ್ತದೆ. ಮುಕ್ಕಾಲು ಹೋಗಿ ಕಡಿದುಹೋದರೆ ಮೊದಲಿನಿಂದ ಶುರು. ಅದು ಹೋಗುವಾಗ ಬೇರೆ ಪುಟಗಳೂ ತೆರೆಯವು. (ಸಿಂಧನೂರಿನ ಓದುಗರು)

ಮೇಲಕ್ಕೆ ಕಳಿಸುವ ವೇಗ 128 ಕೆಬಿಪಿಎಸ್ ಇದ್ದಲ್ಲಿ 4 ಎಂಬಿಗೆ 250 ಸೆಕೆಂಡು ಬೇಕು. ಉದ್ದನೆಯ ಬದಿ 1600 ಪಿಕ್ಸೆಲ್, ಜೆಪೆಗ್ ಗುಣಮಟ್ಟ 75ರ ಆಸುಪಾಸಿಗೆ ಇಳಿಸಿದರೆ ಹೆಚ್ಚಿನ ಹೊಲದ ಚಿತ್ರಗಳು ಕೆಲವು ನೂರು ಕೆಬಿಗೆ ಬರುತ್ತವೆ. 300 ಕೆಬಿ ಆದರೆ ಸುಮಾರು 19 ಸೆಕೆಂಡು. ಎಚ್ಚರ: ಹೀಗೆ ಚಿಕ್ಕದು ಮಾಡುವಾಗ ಚಿತ್ರದೊಳಗೇ ಅಡಗಿರುವ ಎಕ್ಸಿಫ್ ಮಾಹಿತಿ (ಚಿತ್ರದ ದಿಕ್ಕು, ತೆಗೆದ ಜಾಗ ಇತ್ಯಾದಿ) ಅಳಿಸಿಹೋಗುವುದುಂಟು. ಚಿತ್ರ ಅಡ್ಡ ಬೀಳುತ್ತದೆ, ಹೊಲದ ಜಿಪಿಎಸ್ ಗುರುತೂ ಹೋಗುತ್ತದೆ. ಜಿಪಿಎಸ್ ಅನ್ನು ದಾಖಲೆಯಲ್ಲೇ ಬೇರೆಯಾಗಿ ಇಡಿ.

ಕಡಿದಲ್ಲಿಂದ ಮುಂದುವರಿಸಲು, ಎಷ್ಟು ಬೈಟು ತಲುಪಿದೆ ಎಂದು ಮೊದಲು ಸರ್ವರನ್ನೇ ಕೇಳಿ, ಅಲ್ಲಿಂದ ಕಳಿಸಿ. ಫೋನಿನ ಲೆಕ್ಕ ನಂಬಬೇಡಿ, ಅದು ಕಳಿಸಿದೆ ಎಂದದ್ದು ರೇಡಿಯೊದ ಸಾಲಿನಲ್ಲೇ ಕೊಳೆತಿರಬಹುದು. ಟಸ್ ಎಂಬ ಮುಕ್ತ ಪ್ರೊಟೊಕಾಲ್ ಇದನ್ನೇ ಮಾಡುತ್ತದೆ. ತುಣುಕು 128ರಿಂದ 256 ಕೆಬಿ ಇರಲಿ. ಬೇರೆ ಪುಟ ತೆರೆಯದಿರುವುದಕ್ಕೂ ಆ ಸಾಲೇ ಕಾರಣ: ಫೋಟೊದ ಪ್ಯಾಕೆಟ್ಟುಗಳು ಮೊಡೆಮ್ಮಿನ ಬಫರನ್ನು ತುಂಬಿರುತ್ತವೆ, ನಿಮ್ಮ ಪುಟ್ಟ ಕೋರಿಕೆ ಅವುಗಳ ಹಿಂದೆ ನಿಲ್ಲುತ್ತದೆ. ಪಠ್ಯದ ದಾಖಲೆಗಳು ಮೊದಲು, ಆಮೇಲೆ ಒಂದು ಸಲಕ್ಕೆ ಒಂದೇ ಫೋಟೊ. ಬಳಕೆದಾರರು ಪುಟ ತೆರೆದರೆ ಮುಂದಿನ ತುಣುಕನ್ನು ತಡೆಹಿಡಿಯಿರಿ.

ಕಚೇರಿಯಲ್ಲಿ ಫೈಬರ್ ಇದೆ. ಹಳ್ಳಿಯ ನೆಟ್ಟನ್ನು ಇಲ್ಲೇ ಪರೀಕ್ಷಿಸುವುದು ಹೇಗೆ? (ಬೆಂಗಳೂರಿನ ಓದುಗರು)

ಒಂದು ಲಿನಕ್ಸ್ ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟ್ ಮಾಡಿ, ಫೋನನ್ನು ಅದಕ್ಕೆ ಜೋಡಿಸಿ, ಜಾಲವನ್ನು ಬೇಕೆಂದೇ ಕೆಡಿಸಿ ತೋರಿಸುವ ಲಿನಕ್ಸಿನ ನೆಟ್‌ಎಮ್ ಬಳಸಿ. ವಿಳಂಬ 200 ಮಿಲಿಸೆಕೆಂಡು, ನಷ್ಟ 2 ಶೇಕಡ, ದರ 200 ಕಿಲೊಬಿಟ್ ಆರಂಭಕ್ಕೆ ಒಳ್ಳೆಯದು. ನೆಟ್‌ಎಮ್ ಹೊರಹೋಗುವ ಪ್ಯಾಕೆಟ್ಟುಗಳನ್ನು ಮಾತ್ರ ತಡೆಯುತ್ತದೆ. ವೈಫೈ ಬದಿಗೆ ಹಾಕಿದರೆ ಡೌನ್‌ಲೋಡ್ ನಿಧಾನ, ಫೈಬರ್ ಬದಿಗೆ ಹಾಕಿದರೆ ಅಪ್‌ಲೋಡ್. ಎರಡೂ ಕಡೆ ಹಾಕಿ. ಅದರ ಸಾಲಿನ ಮೂಲ ಮಿತಿ 1000 ಪ್ಯಾಕೆಟ್. 200 ಕಿಲೊಬಿಟ್ಟಿನಲ್ಲಿ ಅದು ತುಂಬಿದರೆ 60 ಸೆಕೆಂಡಿನ ಸಾಲು! ಮಿತಿಯನ್ನು 50ಕ್ಕೆ ಇಳಿಸಿದರೆ 3 ಸೆಕೆಂಡಿಗೆ ಬರುತ್ತದೆ. ದರ ಮಿತಿ ಹಾಕದೆ ವಿಳಂಬದ ಏರಿಳಿತ ಮಾತ್ರ ಕೊಟ್ಟರೆ ಪ್ಯಾಕೆಟ್ಟುಗಳ ಸರದಿ ತಪ್ಪಿ, ಟಿಸಿಪಿ ಅದನ್ನೇ ನಷ್ಟವೆಂದು ತಿಳಿಯುತ್ತದೆ.

ಆದರೆ ನಿಜವಾದ ಮೊಬೈಲ್ ಜಾಲ ಹನಿಹನಿಯಾಗಿ ಕಳೆಯುವುದಕ್ಕಿಂತ, ಕೆಲವು ಸೆಕೆಂಡು ಪೂರ್ತಿ ನಿಂತು ಆಮೇಲೆ ಒಟ್ಟಿಗೆ ಸುರಿಯುವುದೇ ಹೆಚ್ಚು. ಟವರು ಮತ್ತು ಫೋನಿನ ನಡುವೆ ಕಳೆದದ್ದನ್ನು ರೇಡಿಯೊ ಪದರವೇ ಮತ್ತೆ ಕಳಿಸಿ, ನಷ್ಟವನ್ನು ವಿಳಂಬವಾಗಿ ಬದಲಿಸಿರುತ್ತದೆ. ಹಾಗಾಗಿ ಒಂದು ಸ್ಕ್ರಿಪ್ಟ್ ಬರೆದು 20 ಸೆಕೆಂಡು ಪೂರ್ತಿ ನಷ್ಟ, 40 ಸೆಕೆಂಡು ಸರಿ, ಹೀಗೆ ತಿರುಗಿಸುತ್ತಿರಿ. 'ಸೇವ್' ಒತ್ತಿದ ಅರೆಕ್ಷಣಕ್ಕೆ ಆ್ಯಪನ್ನು ಬಲವಂತವಾಗಿ ಮುಚ್ಚಿ ಮತ್ತೆ ತೆರೆಯುವ ಪರೀಕ್ಷೆಯನ್ನೂ ಮರೆಯಬೇಡಿ.

ಯೂನಿಕೋಡ್ ಕನ್ನಡ ಇಂಗ್ಲಿಷಿನ ಮೂರು ಪಟ್ಟು ಡೇಟಾ ತಿನ್ನುತ್ತದೆ, ಹಳ್ಳಿಗೆ ಇಂಗ್ಲಿಷೇ ಇರಲಿ ಎನ್ನುತ್ತಾರೆ ನಮ್ಮ ತಂಡದವರು. ನಿಜವೇ? (ಧಾರವಾಡದ ಓದುಗರು)

ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟು, ಅಷ್ಟು ನಿಜ. ಆದರೆ ಮೂರರಲ್ಲಿ ಮೊದಲ ಬೈಟು ಯಾವಾಗಲೂ ಒಂದೇ, ಎರಡನೆಯದೂ ಎರಡರಲ್ಲೊಂದು. ಜಿಜಿಪ್ ಹಾಕಿದೊಡನೆ ಆ ಪುನರಾವರ್ತನೆ ಬಹುಪಾಲು ಕರಗುತ್ತದೆ. ಕುಗ್ಗಿಸಿದ ಒಂದು ಸುದ್ದಿಯ ಪಠ್ಯ ಚಿಕ್ಕದೊಂದು ಚಿತ್ರಕ್ಕಿಂತ ಹಗುರ. ಓದುಗರ ಭಾಷೆಯನ್ನು ಈ ಕಾರಣಕ್ಕೆ ಬಿಡುವುದು ಅನ್ಯಾಯ.

ನಿಜವಾದ ಸೋರಿಕೆ ಬೇರೆ ಕಡೆ ಇದೆ. ಕಳಿಸಬೇಕಾದ ಡೇಟಾವನ್ನು ಪಠ್ಯವಾಗಿ ಕಟ್ಟುವ ಪೈಥಾನಿನ ಜೇಸನ್ ಲೈಬ್ರರಿ ತಾನಾಗಿ ಪ್ರತಿ ಕನ್ನಡ ಸಂಕೇತವನ್ನೂ 6 ಅಕ್ಷರದ ಎಸ್ಕೇಪ್ (ಇಂಗ್ಲಿಷ್ ಅಕ್ಷರ, ಅಂಕಿಗಳ ಬದಲಿ ಸಂಕೇತ) ಮಾಡಿ ಬರೆಯುತ್ತದೆ, 3 ಬೈಟಿನದು 6 ಆಗುತ್ತದೆ. ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತ) ಕಡ್ಡಾಯ ಮಾಡುವ ಅದರ ಆಯ್ಕೆಯನ್ನು ಆಫ್ ಮಾಡಿಬಿಡಿ. ವೆಬ್ ಫಾಂಟ್ ಬೇಕೇಬೇಕೆ ಯೋಚಿಸಿ, ಫೋನಿನಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ. ಬೇಕಾದರೆ ಅದು ಇಳಿಯುವವರೆಗೆ ಫೋನಿನದರಲ್ಲೇ ಪಠ್ಯ ಕಾಣುವಂತೆ ಮಾಡಿ. ಎಸ್‌ಎಂಎಸ್ ಒಂದರಲ್ಲಿ ಮಾತ್ರ ಲೆಕ್ಕ ಬಿಗಿ: ಇಂಗ್ಲಿಷಿಗೆ 160 ಅಕ್ಷರ, ಯೂನಿಕೋಡ್ ಕನ್ನಡಕ್ಕೆ 70, ಅದೂ ಒತ್ತು, ಗುಣಿತದ ಚಿಹ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸಿ. ಉದ್ದವಾದರೆ ತಲಾ 67ರಂತೆ ತುಂಡಾಗುತ್ತದೆ. ಒಟಿಪಿಯ ಅಂಕಿ ಮೊದಲ ಸಾಲಿನಲ್ಲೇ ಬರುವಂತೆ ವಾಕ್ಯ ಬರೆಯಿರಿ.