ಅಮ್ಮನ ಕಾಲು ಎದ್ದೇಳಲಿಲ್ಲ, ಅತ್ತೆಯ ಕಾಲು ಆಡುತ್ತಿತ್ತು

ಪ್ರಶ್ನೆ: ಅಮ್ಮನಿಗೆ 78 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಆಪರೇಷನ್‌ಗೆ ಮುಂಚೆ ನೋವಿಗೆ ಅಂತ ‘ಫೇಶಿಯಾ ಇಲಿಯಾಕಾ ಬ್ಲಾಕ್’ (ನರ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟರು. ನೋವು ಇಳಿಯಿತು, ಆದರೆ ಮರುದಿನ ಬೆಳಿಗ್ಗೆವರೆಗೂ ಮಂಡಿ ನೆಟ್ಟಗೆ ಮಾಡಲು ಆಗಲಿಲ್ಲ. ಲಕ್ವ ಹೊಡೆಯಿತೇನೋ ಅಂತ ಹೆದರಿಬಿಟ್ಟೆವು. ನಮ್ಮ ಅತ್ತೆಗೆ ಇದೇ ತೊಂದರೆಗೆ ಬೇರೆ ಕಡೆ ‘ಪೆಂಗ್ ಬ್ಲಾಕ್’ ಕೊಟ್ಟಿದ್ದರು, ಅವರ ಕಾಲು ಆಡುತ್ತಿತ್ತು. ಅಮ್ಮನಿಗೆ ಹಳೇ ಇಂಜೆಕ್ಷನ್ ಕೊಟ್ಟು ಸಾಗಹಾಕಿದರಾ?

ಉತ್ತರ: ಸಾಗಹಾಕಿಲ್ಲ ಬಿಡಿ. ಕೊಟ್ಟಿದ್ದು ಒಳ್ಳೆಯ ಬ್ಲಾಕೇ. ಕಾಲು ಸೋತದ್ದು ಲಕ್ವ ಅಲ್ಲ, ಔಷಧಿ ನರಕ್ಕೆ ತಲುಪಿದ ಗುರುತು. ಹೀಗಾಗಬಹುದು ಅಂತ ಮೊದಲೇ ಒಂದು ಮಾತು ಹೇಳಿದ್ದರೆ ನಿಮಗೆ ಒಂದು ರಾತ್ರಿಯ ನಿದ್ದೆಯಾದರೂ ಉಳಿಯುತ್ತಿತ್ತು. ಅದು ನಮ್ಮಂಥ ಅರಿವಳಿಕೆಯವರ ತಪ್ಪೇ.

ಸೊಂಟದ ಕೀಲಿನ ನೋವು ಜಾಸ್ತಿ ಬರುವುದು ಅದರ ಮುಂಭಾಗದಿಂದ. ಅಲ್ಲಿಗೆ ಫೆಮೋರಲ್, ಆಬ್ಚುರೇಟರ್ ಎಂಬ ನರಗಳ ಸಣ್ಣ ಕವಲುಗಳು ಬರುತ್ತವೆ. ತೊಂದರೆ ಏನೆಂದರೆ, ಮಂಡಿ ನೆಟ್ಟಗೆ ಮಾಡುವ ತೊಡೆಯ ಸ್ನಾಯುವನ್ನು ಆಡಿಸುವುದೂ ಇದೇ ಫೆಮೋರಲ್ ನರ. ಫೇಶಿಯಾ ಇಲಿಯಾಕಾದಲ್ಲಿ ತೊಡೆಸಂದಿನ ಹತ್ತಿರ ಸ್ನಾಯುವಿನ ಮೇಲಿನ ಪೊರೆಯ ಕೆಳಗೆ 30–40 ಮಿ.ಲೀ. ಔಷಧಿ ಬಿಡುತ್ತೇವೆ, ಅದು ಹರಡಿಕೊಂಡು ಹೋಗಿ ಇಡೀ ನರವನ್ನೇ ಮಲಗಿಸುತ್ತದೆ. ನೋವಿನ ಜೊತೆ ಬಲವೂ ಹೋಗುತ್ತದೆ. ಆದರೆ ಆಬ್ಚುರೇಟರ್ ನರಕ್ಕೆ ಔಷಧಿ ತಲುಪಿದರೆ ತಲುಪಿತು, ಇಲ್ಲದಿದ್ದರೆ ಇಲ್ಲ.

ಪೆಂಗ್ ಹೊಸದು. 2018ರಲ್ಲಿ ಟೊರಾಂಟೊದ ವೈದ್ಯರು ಬರೀ ಐದು ರೋಗಿಗಳ ಅನುಭವ ಬರೆದು ಇದನ್ನು ಪರಿಚಯಿಸಿದರು. (ಹೆಸರು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಮಾಡಿದ್ದು. ಆ ತಂಡದಲ್ಲಿ ಪೆಂಗ್ ಅಂತಲೇ ಒಬ್ಬ ಡಾಕ್ಟರೂ ಇದ್ದರು, ಕಾಕತಾಳೀಯ ಅಂತ ನಂಬೋದು ಕಷ್ಟ!) ಇಲ್ಲಿ ಸೂಜಿ ಇನ್ನೂ ಒಳಗೆ ಹೋಗಿ ಮೂಳೆಯ ಮೇಲೇ ಸುಮಾರು 20 ಮಿ.ಲೀ. ಬಿಡುತ್ತದೆ. ಕೀಲಿನ ಕವಲುಗಳಷ್ಟೇ ಮರಗಟ್ಟುವುದರಿಂದ ಕಾಲಿನ ಬಲ ಬಹುಮಟ್ಟಿಗೆ ಉಳಿಯುತ್ತದೆ. ಔಷಧಿ ಆಚೆ ಹರಡಿದರೆ ಇದರಲ್ಲೂ ಕಾಲು ಸೋಲುತ್ತದೆ. ಕೊಯ್ಯುವ ಜಾಗದ ಚರ್ಮಕ್ಕೆ ಇದು ಸಾಲದು.

ಎರಡನ್ನೂ ಹೋಲಿಸಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಬಲ ಉಳಿಸುವುದರಲ್ಲಿ ಪೆಂಗ್ ಮುಂದೆ, ನೋವಿನ ವಿಷಯದಲ್ಲಿ ಅಂಥ ದೊಡ್ಡ ಅಂತರವೇನಿಲ್ಲ. ಹಾಗಾಗಿ ಯಾವ ಬ್ಲಾಕ್ ಅಂತ ಕೇಳುವುದಕ್ಕಿಂತ ಯಾವಾಗ ಕೊಟ್ಟರು ಅಂತ ಕೇಳಿ. ಮುರಿದ ಕಾಲನ್ನು ಎಕ್ಸ್‌ರೇ ಮೇಜಿಗೆ ಎತ್ತುವಾಗ, ಸ್ಪೈನಲ್‌ಗೆ (ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್) ಅಂತ ಕೂರಿಸುವಾಗ ಅಜ್ಜಿಯರು ಕಿರುಚುವುದನ್ನು ಕೇಳಿದವರಿಗೆ ಬೇಗ ಕೊಡುವುದು ಯಾಕೆ ಮುಖ್ಯ ಅಂತ ಗೊತ್ತು. 2020ರ ಕೊಕ್ರೇನ್ ವಿಮರ್ಶೆಯ (ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ತೂಗಿದ ವರದಿ) ಪ್ರಕಾರ ಬ್ಲಾಕ್ ಕೊಟ್ಟ ಅರ್ಧ ಗಂಟೆಯಲ್ಲೇ ಅಲುಗಿಸಿದಾಗಿನ ನೋವು ಇಳಿಯುತ್ತದೆ, ವಯಸ್ಸಾದವರು ಆಸ್ಪತ್ರೆಯಲ್ಲಿ ಏನೇನೋ ಬಡಬಡಿಸುವ ಗೊಂದಲವೂ ಕಡಿಮೆ. ಅದಕ್ಕೇ ಬಂದ ದಿನವೇ ಕೊಡಬೇಕು.

ಇನ್ನೊಂದು, ಪೆಂಗ್‌ಗೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮೆಷಿನ್ ಇರಲೇಬೇಕು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿಯಾದ ಮೆಷಿನ್ನೇ ಆಗಬೇಕು. ಫೇಶಿಯಾ ಇಲಿಯಾಕಾವನ್ನು ಸ್ಕ್ಯಾನ್ ಇಲ್ಲದೆ, ಸೂಜಿ ಎರಡು ಪೊರೆ ದಾಟುವಾಗ ಕೈಗೆ ಸಿಗುವ ‘ಟಕ್ ಟಕ್’ ನಂಬಿಯೂ ಕೊಡಬಹುದು. ಚಿಕ್ಕ ಆಸ್ಪತ್ರೆಗೆ ಅದೇ ಅನುಕೂಲ.

ಮುಂದೆ ಯಾರಿಗಾದರೂ ಬ್ಲಾಕ್ ಕೊಡುವುದಾದರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಕಾಲಿಗೆ ಬಲ ಬರುವವರೆಗೆ ಅವರನ್ನು ಸುಮ್ನೆ ಒಬ್ಬರೇ ಎದ್ದು ನಿಲ್ಲಲು ಬಿಡಬೇಡಿ. ಒಂದು ದಿನ ಕಳೆದ ಮೇಲೂ ಜೋಮು ಹಾಗೇ ಇದ್ದರೆ ಕಾಯದೆ ಅರಿವಳಿಕೆ ಡಾಕ್ಟರನ್ನು ಕರೆಸಿ.