ಟ್ರೇಲರ್ ಎಳೆಯುವಾಗ ಮಾತ್ರ ಬ್ಯಾಟರಿ ಲೈಟ್ ಹತ್ತುತ್ತಿದೆ, ಆಲ್ಟರ್ನೇಟರ್ ಬದಲಿಸಬೇಕಾ?

ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆ ಆಲ್ಟರ್ನೇಟರನ್ನು ಈಗಲೇ ಬದಲಿಸಬೇಡಿ. ನಿಮ್ಮದು 12 ವೋಲ್ಟಿನ ಡೀಸೆಲ್ ಪಿಕಪ್, ಹಿಂದೆ ಫ್ರಿಜ್ ಇರುವ ತಿಂಡಿ ಟ್ರೇಲರ್. ಪುಣೆಯಿಂದ ಸಾತಾರಾ ಕಡೆ ಹೋಗುವಾಗ ಖಂಬಾಟಕಿ ಘಾಟಿನಲ್ಲಿ ಬ್ಯಾಟರಿ ಲೈಟ್ ಮಂದವಾಗಿ ಹತ್ತುತ್ತದೆ, ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ, ಗ್ಯಾರೇಜಿನಲ್ಲಿ ಮಾತ್ರ ಎಲ್ಲ ಸರಿ ಇದೆ ಅಂದರು ಎಂದು ಬರೆದಿದ್ದೀರಿ. ನಾನು ನಿಗಡಿ ಕಡೆ ಗಾಡಿ ವೈರಿಂಗ್ ಕೆಲಸ ಮಾಡುತ್ತೇನೆ. ನನಗೆ ಇದು ಒಂದಲ್ಲ, ಎರಡು ತೊಂದರೆಯಂತೆ ಕಾಣುತ್ತದೆ.

ಮೊದಲು ಬೆಳಗಿನದು. ರಾತ್ರಿ ಫ್ರಿಜ್ ಗಾಡಿಯ ಬ್ಯಾಟರಿ ಮೇಲೇ ಓಡುತ್ತಿದೆಯಾ? 5 ಆಂಪಿಯರ್ ಎಳೆದರೂ 8 ಗಂಟೆಗೆ 40 ಆಂಪಿಯರ್-ಅವರ್ ಹೋಯಿತು. 80ರ ಬ್ಯಾಟರಿಯಲ್ಲಿ ಅರ್ಧ ಖಾಲಿ. ಇದಕ್ಕೆ ಆಲ್ಟರ್ನೇಟರ್ ಏನು ಮಾಡೀತು? ಕೀ ಆಫ್ ಮಾಡಿದರೆ ಟ್ರೇಲರ್ ಲೈನ್ ಕಟ್ ಆಗುವಂತೆ ಒಂದು ರಿಲೇ ಹಾಕಿಸಿ, ಫ್ರಿಜ್‌ಗೆ ಟ್ರೇಲರ್‌ನಲ್ಲೇ ಬೇರೆ ಬ್ಯಾಟರಿ ಇಡಿ. ತಂತಿ ದಪ್ಪ ಇರಲಿ. 2.5 ಚದರ ಮಿ.ಮೀ. ತಂತಿ 8 ಮೀಟರ್ ಎಳೆದರೆ, ಹೋಗಿ ಬರುವುದು ಸೇರಿ 10 ಆಂಪಿಯರ್‌ಗೆ ಸುಮಾರು 1.2 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಆ ಬ್ಯಾಟರಿ ಎಂದೂ ಪೂರ್ತಿ ಚಾರ್ಜ್ ಆಗುವುದಿಲ್ಲ.

ಇನ್ನು ಲೈಟಿನ ವಿಷಯ. ಟ್ರೇಲರ್ ಬಿಚ್ಚಿ, ತಣ್ಣಗಿನ ಎಂಜಿನ್ ಮೇಲೆ ಮೀಟರ್ ಇಟ್ಟರೆ 14.2 ತೋರಿಸುತ್ತದೆ, ಗ್ಯಾರೇಜಿನವರು ಸುಳ್ಳು ಹೇಳಿಲ್ಲ. ಆದರೆ ಆಲ್ಟರ್ನೇಟರ್ ಕಾದಷ್ಟೂ ಕೊಡುವ ಕರೆಂಟ್ ಇಳಿಯುತ್ತದೆ. ಘಾಟಿನ ಜಾಮ್‌ನಲ್ಲಿ ತೆವಳುವಾಗ ಗಾಳಿಯೂ ಇಲ್ಲ, ಆರ್‌ಪಿಎಂ ಕೂಡ ಇಲ್ಲ. ಹೆಡ್‌ಲೈಟ್, ಎಸಿ, ಫ್ರಿಜ್ ಎಲ್ಲ ಒಟ್ಟಿಗೆ ಎಳೆಯುತ್ತಿರುತ್ತವೆ. ಹಾಗಾಗಿ ಅರ್ಧ ಗಂಟೆ ಓಡಿಸಿ, ಟ್ರೇಲರ್ ಜೋಡಿಸಿಕೊಂಡೇ, ಎಲ್ಲ ಆನ್ ಮಾಡಿ, 1500 ಆರ್‌ಪಿಎಂನಲ್ಲಿ ಅಳೆಯಿರಿ.

ಬ್ಯಾಟರಿಯಲ್ಲಿ 13.5ಕ್ಕಿಂತ ಕಡಿಮೆ ಬಂತಾ? ಆಗ ಆಲ್ಟರ್ನೇಟರ್‌ನ ದಪ್ಪ ವೈರ್ ಬೋಲ್ಟಿಗೆ ಮೀಟರಿನ ಒಂದು ಪಿನ್, ಬ್ಯಾಟರಿ ಪ್ಲಸ್‌ಗೆ ಇನ್ನೊಂದು ಇಡಿ. 0.3 ವೋಲ್ಟ್‌ಗಿಂತ ಜಾಸ್ತಿ ಇದ್ದರೆ ವೈರ್ ತುದಿಯ ಲಗ್ ಇಲ್ಲವೇ ನಡುವಿನ ಫ್ಯೂಸ್ ಲಿಂಕ್ ಕೊಳೆತಿದೆ. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೂ ಹೀಗೇ ನೋಡಿ, ಅಲ್ಲಿ 0.2 ದಾಟಬಾರದು. ಮಂದವಾಗಿ ಹತ್ತುವ ಲೈಟಿಗೆ ಎಷ್ಟೋ ಸಲ ಕಾರಣ ಇಷ್ಟೇ. ಎರಡೂ ಸರಿಯಿದ್ದರೆ ಮೀಟರನ್ನು ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟ್‌ಗೆ ತಿರುಗಿಸಿ ಬ್ಯಾಟರಿ ಮೇಲೆ ಇಡಿ. ಅರ್ಧ ವೋಲ್ಟ್ ದಾಟಿದರೆ ಆಲ್ಟರ್ನೇಟರ್ ಒಳಗೆ ಆ ಕರೆಂಟನ್ನು ಡಿಸಿ ಮಾಡುವ ಡಯೋಡ್ ಪ್ಲೇಟ್ ಹೋಗಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಬಿಚ್ಚಿ ನೋಡುವ ಹಳೇ ಚಾಳಿ ಮಾತ್ರ ಬೇಡ. ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಸುಟ್ಟು ಹೋಗಬಹುದು.

ನಮ್ಮಲ್ಲಿ ಬಹಳ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರ್‌ಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಹಿಂದೆಯೇ ಇರುತ್ತದೆ. ಅದರ ಸೀಲ್ ಹೋದರೆ ಆಯಿಲ್ ಒಳಗಿಳಿದು ಕಾರ್ಬನ್ ಬ್ರಶ್ ಕೆಡುತ್ತದೆ. ಹಿಂಭಾಗ ಒದ್ದೆಯಿದೆಯಾ ಅಂತ ಕೈಯಾಡಿಸಿ ನೋಡಿ. ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ನುಣ್ಣಗೆ ಹೊಳೆಯುತ್ತಿದ್ದರೆ ಅದನ್ನೂ ಬದಲಿಸಿ. ನಿಮ್ಮ ಗಾಡಿಯಲ್ಲೂ ಪಂಪ್ ಅಲ್ಲೇ ಇದ್ದರೆ, ಬೆಲ್ಟ್ ಕಿತ್ತುಹೋದ ಕೂಡಲೇ ಚಾರ್ಜಿಂಗ್ ನಿಲ್ಲುತ್ತದೆ, ಕೆಲವೇ ಸಲ ಬ್ರೇಕ್ ಒತ್ತುವಷ್ಟರಲ್ಲಿ ಬೂಸ್ಟರ್ ಬಲವೂ ಹೋಗುತ್ತದೆ. ಘಾಟ್ ಇಳಿಯುವಾಗ ಆ ಲೈಟ್ ಮಂದವಾಗಿರದೆ ಪೂರ್ತಿ ಬೆಳಗಿದರೆ ಮೀಟರ್ ಹುಡುಕುತ್ತಾ ಕೂರಬೇಡಿ, ಲೋ ಗೇರ್‌ಗೆ ಇಳಿಸಿ ಆದಷ್ಟು ಬೇಗ ಬದಿಗೆ ನಿಲ್ಲಿಸಿ.